ದಾರ ಕುಡಿದ ನೀರು

ಟೇಪಕ್ಕನಿಗೆ ಆ ಹೆಸರಿಟ್ಟವರು ಯಾರು ಎಂದು ಕೇಳಿ ನೋಡಿ, ಬೀದಿಯಲ್ಲಿ ಎಲ್ಲರೂ ನಾನೇ ನಾನೇ ಎನ್ನುತ್ತಾರೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಕೊರಳಿಗೆ ಬಿದ್ದ ಅಳತೆಯ ಟೇಪು ಸಂಜೆ ಬೀಗ ಹಾಕುವವರೆಗೂ ಇಳಿಯುವುದಿಲ್ಲ. ಎಷ್ಟೋ ಸಲ ಹಾಗೇ ಊಟಕ್ಕೂ ಕೂರುತ್ತಾಳೆ. ಅಳತೆಯ ವಿಷಯದಲ್ಲಿ ಮಾತ್ರ ಆಕೆ ಯಾರ ಮುಲಾಜಿಗೂ ಬಿದ್ದವಳಲ್ಲ. ಬ್ಯಾಂಕಿನ ಮ್ಯಾನೇಜರಮ್ಮ ಕೋಟು ಹೊಲಿಸಲು ಬಂದಾಗಲೆಲ್ಲ ಉಸಿರನ್ನು ಒಳಗೆಳೆದುಕೊಂಡು ಕಂಬದ ಹಾಗೆ ನಿಂತು, "ಮೂವತ್ತೆರಡು ಬರ್ಕೊಳ್ಳಿ" ಎನ್ನುತ್ತಾರೆ.

"ಉಸಿರು ಬಿಡಿ ಅಮ್ಮಾ, ಕೋಟು ಹಾಕ್ಕೊಂಡ್ಮೇಲೂ ಉಸಿರಾಡ್ಬೇಕಲ್ಲ" ಎಂದು ಟೇಪಕ್ಕ ನಗದೆ ಮೂವತ್ತೈದು ಬರೆದುಕೊಳ್ಳುತ್ತಾಳೆ. ಮ್ಯಾನೇಜರಮ್ಮ ಮುಖ ಊದಿಸಿಕೊಂಡು ಹೋಗುತ್ತಾರೆ, ಮುಂದಿನ ಕೋಟಿಗೆ ಮತ್ತೆ ಇಲ್ಲಿಗೇ ಬರುತ್ತಾರೆ.

ಇಂಥ ಹೆಂಗಸಿನ ತಲೆಯಲ್ಲಿ ಒಂದು ಪ್ರಶ್ನೆ ಹೊಕ್ಕುಕೊಂಡು ಮೂವತ್ತು ವರ್ಷದ ಮೇಲಾಗಿತ್ತು. ಅದು ಹೊಕ್ಕಿದ್ದು ಇದೇ ಅಂಗಡಿಯ ಹಿಂಬದಿಯ ಕೋಣೆಯಲ್ಲಿ. ಆಗ ಹೊಲಿಯುತ್ತಿದ್ದವನು ಅವಳ ಅಪ್ಪ. ಅವನ ಹತ್ತಿರ ಒಲೆಯ ಮೇಲಿಟ್ಟು ಕಾಯಿಸುವ ಇಸ್ತ್ರಿಪೆಟ್ಟಿಗೆ ಇತ್ತು. ಹೆಸರಿಗೆ ಪೆಟ್ಟಿಗೆ, ಒಳಗೆ ಎಳ್ಳಷ್ಟೂ ಟೊಳ್ಳಿಲ್ಲ, ಹಿಡಿ ಬಿಟ್ಟರೆ ಉಳಿದದ್ದೆಲ್ಲ ಗಟ್ಟಿ ಕಬ್ಬಿಣ. ಅದನ್ನು ಎತ್ತಲು ಹುಡುಗಿಗೆ ಎರಡೂ ಕೈ ಬೇಕಾಗುತ್ತಿತ್ತು. ಒಂದು ಮಧ್ಯಾಹ್ನ, ಅಪ್ಪ ಗಿರಾಕಿಯ ಜೊತೆ ಮಾತಿಗೆ ನಿಂತಾಗ, ಕಾದು ಕೆಂಡವಾಗಿದ್ದ ಆ ಪೆಟ್ಟಿಗೆಯನ್ನು ಅವಳು ಬಟ್ಟೆ ಸುತ್ತಿ ಹಿಡಿದು ನೀರಿನ ಬಕೆಟ್ಟಿಗೆ ಇಳಿಸಿಬಿಟ್ಟಳು. ಇಷ್ಟು ಬಿಸಿಯಾದದ್ದು ಬಿದ್ದರೆ ನೀರು ಕುದಿಯಬೇಕು ಎಂದು ಅವಳ ಲೆಕ್ಕ. ಚುಂಯ್ ಎಂದಿತು, ಒಂದಿಷ್ಟು ಹಬೆ ಎದ್ದಿತು, ಅಷ್ಟೇ. ಕೈ ಹಾಕಿ ನೋಡಿದರೆ ನೀರು ಬೆಚ್ಚಗೆ ಕೂಡ ಆಗಿರಲಿಲ್ಲ!

ಅಪ್ಪ ಓಡಿ ಬಂದವನೇ ಬಾಯಿಗೆ ಬಂದ ಹಾಗೆ ಬೈದ. ಅವಳು ಬೈಗುಳದ ನಡುವೆಯೇ ಕೇಳಿದಳು: "ಅಪ್ಪಾ, ಅಷ್ಟೊಂದು ಬಿಸಿ ಎಲ್ಲಿಗೆ ಹೋಯ್ತು?"

"ನಿನ್ನ ತಲೆಗೆ ಹೋಯ್ತು" ಎಂದ ಅಪ್ಪ. ಆ ಮಾತು ಒಂದು ರೀತಿಯಲ್ಲಿ ನಿಜವೇ ಆಯಿತು.

ಹತ್ತನೇ ತರಗತಿಯ ನಡುವಿನಲ್ಲಿ ಅಪ್ಪನ ಕಣ್ಣು ಮಂಜಾಗತೊಡಗಿತು. ಸೂಜಿಗೆ ದಾರ ಪೋಣಿಸಲಾಗದ ದರ್ಜಿಯನ್ನು ಯಾರು ನಂಬುತ್ತಾರೆ? ಮಗಳು ಶಾಲೆ ಬಿಟ್ಟು ಮಷೀನಿನ ಮುಂದೆ ಕೂತಳು. ಅದಕ್ಕೆ ಅವಳು ಕಣ್ಣೀರಿಟ್ಟವಳಲ್ಲ, ಹೊಲಿಗೆ ಅವಳಿಗೆ ಇಷ್ಟವೇ ಇತ್ತು. ಬೇಜಾರಾದದ್ದು ಒಂದಕ್ಕೆ ಮಾತ್ರ. ವಿಜ್ಞಾನದ ಪುಸ್ತಕದಲ್ಲಿ 'ಶಾಖ' ಎಂಬ ಪಾಠ ಮುಂದಿನ ವಾರ ಶುರುವಾಗಬೇಕಿತ್ತು. ತಾನಿಲ್ಲದೆ ಆ ಪಾಠ ಆಗಿಹೋಯಿತಲ್ಲ ಎಂಬುದು ಅವಳಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಉಳಿಯಿತು.

ಮದುವೆಯಾಯಿತು, ಮಗಳು ಹುಟ್ಟಿ ದೊಡ್ಡವಳಾಗಿ ಅವಳ ಮದುವೆಯೂ ಆಯಿತು. ಬಸ್ಸು ಓಡಿಸುವ ಗಂಡ ವಾರಕ್ಕೆರಡು ದಿನ ಮನೆಯಲ್ಲಿರುವವನು. ಎರಡು ಬೀದಿ ಆಚೆ, ದೊಡ್ಡವರಿಗಾಗಿ ಸಂಜೆ ಶಾಲೆ ನಡೆಯುತ್ತದೆ ಎಂದು ತಿಳಿದಾಗ ಟೇಪಕ್ಕ ಯಾರನ್ನೂ ಕೇಳದೆ ಹೋಗಿ ಹೆಸರು ಬರೆಸಿ ಬಂದಳು. ಗಂಡ ಮಾತ್ರ, "ಈ ವಯಸ್ಸಲ್ಲಿ ಓದಿ ಯಾವ ಆಫೀಸಿಗೆ ಹೋಗ್ಬೇಕು ನೀನು?" ಎಂದ.

"ಆಫೀಸಿಗಲ್ಲ ರೀ, ಒಂದು ಪಾಠ ಬಾಕಿ ಇದೆ" ಎಂದಳು.

ಪಾಠ ಸಿಕ್ಕಿತು. ಅಬ್ಬಾ, ಎಂಥ ಪಾಠ! ಬಿಸಿ ಲೋಹವನ್ನು ತಣ್ಣನೆಯ ನೀರಿಗೆ ಹಾಕಿದರೆ ಲೋಹ ಕಳೆದುಕೊಂಡ ಶಾಖವೆಲ್ಲ ನೀರಿಗೂ ಪಾತ್ರೆಗೂ ಹೋಗುತ್ತದೆ. ಎಲ್ಲಿಗೂ ಮಾಯವಾಗುವುದಿಲ್ಲ. ಆದರೆ ಒಂದು ಕಿಲೋ ಕಬ್ಬಿಣವನ್ನು ಒಂದು ಡಿಗ್ರಿ ಬಿಸಿ ಮಾಡಲು ನಾನೂರ ಐವತ್ತು ಜೂಲ್ ಸಾಕು, ಹಿತ್ತಾಳೆಗೆ ಮುನ್ನೂರ ಎಂಬತ್ತು. ನೀರಿಗೆ? ನಾಲ್ಕು ಸಾವಿರದ ಇನ್ನೂರು! ಈ ಸಂಖ್ಯೆಗೆ ವಿಶಿಷ್ಟೋಷ್ಣ ಎಂದು ಹೆಸರು. ಸಂಜೆ ಶಾಲೆಯ ಮಿಸ್, ಟೇಪಕ್ಕನ ಮಗಳ ವಯಸ್ಸಿನವಳು, ಇದನ್ನು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನಿಂದ ಟೇಪಕ್ಕ, "ಹಂಗಾದ್ರೆ ನೀರು ಮಹಾ ಹೊಟ್ಟೆಬಾಕ" ಎಂದು ಜೋರಾಗಿಯೇ ಹೇಳಿಬಿಟ್ಟಳು. ಮಿಸ್ ನಕ್ಕು, "ಅದೇ ಅಕ್ಕ, ಎಷ್ಟು ಹಾಕಿದ್ರೂ ನುಂಗತ್ತೆ, ಮೈ ಮೇಲೆ ಕಾಣಿಸ್ಕೊಳ್ಳಲ್ಲ" ಎಂದಳು.

ಅಲ್ಲಿಂದ ಟೇಪಕ್ಕನಿಗೆ ಲೆಕ್ಕದ ಹುಚ್ಚು ಹತ್ತಿತು. ಇಷ್ಟು ಗ್ರಾಂ ತಾಮ್ರ ನೂರು ಡಿಗ್ರಿಯಲ್ಲಿದೆ, ಅಷ್ಟು ಗ್ರಾಂ ನೀರು ಇಪ್ಪತ್ತರಲ್ಲಿದೆ, ಕೊನೆಗೆ ಎರಡೂ ಎಲ್ಲಿ ನಿಲ್ಲುತ್ತವೆ? ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಕಟಿಂಗ್ ಟೇಬಲ್ಲಿನ ಮೇಲೆಯೇ ಬಿಡಿಸುತ್ತಿದ್ದಳು. ತೂಕ ಗುಣಿಸು ವಿಶಿಷ್ಟೋಷ್ಣ ಗುಣಿಸು ಇಳಿದ ಡಿಗ್ರಿ, ಈ ಕಡೆ ಲೋಹ ಕಳೆದುಕೊಂಡದ್ದು, ಆ ಕಡೆ ನೀರು ಪಡೆದದ್ದು, ನಡುವೆ ಸಮ. ಒಮ್ಮೆ ಒಬ್ಬರ ಪ್ಯಾಂಟಿನ ಹಿಂಬದಿಗೆ ತಾಮ್ರದ ಲೆಕ್ಕ ಅಚ್ಚಾಗಿ ಹೋಗಿತ್ತು. ಅವರು ಅದನ್ನು ಹಾಕಿಕೊಂಡು ಒಂದು ಮದುವೆಗೂ ಹೋಗಿ ಬಂದರಂತೆ.

ಬರೆಯುವ ಪರೀಕ್ಷೆಗಳೆಲ್ಲ ಮುಗಿದವು, ಪಾಸಾದಳು. ಕೈಕೊಟ್ಟದ್ದು ಪ್ರಯೋಗ ಪರೀಕ್ಷೆ.

ಪ್ರಯೋಗ ನೋಡಲು ಸುಲಭ. ಹಿತ್ತಾಳೆಯ ತುಂಡಿಗೆ ದಾರ ಕಟ್ಟಿ ಕುದಿಯುವ ನೀರಿನಲ್ಲಿ ಇಳಿಬಿಡಬೇಕು. ಅದು ನೂರು ಡಿಗ್ರಿಗೆ ಬಂದ ಮೇಲೆ ಎತ್ತಿ, ಕ್ಯಾಲೋರಿಮೀಟರ್ ಎಂಬ ತಾಮ್ರದ ಲೋಟದಲ್ಲಿರುವ ತಣ್ಣೀರಿಗೆ ಹಾಕಬೇಕು. ಥರ್ಮಾಮೀಟರ್ ಎಷ್ಟು ಏರಿತು ಎಂದು ನೋಡಿ ಹಿತ್ತಾಳೆಯ ವಿಶಿಷ್ಟೋಷ್ಣ ಲೆಕ್ಕ ಹಾಕಬೇಕು. ಮುನ್ನೂರ ಎಂಬತ್ತರ ಆಸುಪಾಸು ಬರಬೇಕು. ಟೇಪಕ್ಕನಿಗೆ ಬಂದದ್ದು ನಾನೂರ ಐವತ್ತು. ಪರೀಕ್ಷಕರು ಕೆಂಪು ಗೆರೆ ಎಳೆದರು, ಪ್ರಯೋಗದಲ್ಲಿ ಫೇಲು.

ಇನ್ನೊಂದೇ ಅವಕಾಶ ಇತ್ತು. ಅದರ ಮೇಲೆ ಪಠ್ಯಕ್ರಮ ಬದಲಾಗುತ್ತದೆ, ಪಾಸಾದ ವಿಷಯಗಳನ್ನೂ ಮೊದಲಿನಿಂದ ಬರೆಯಬೇಕು ಎಂದು ಮಿಸ್ ಮೊದಲೇ ಎಚ್ಚರಿಸಿದ್ದಳು. ಅಷ್ಟು ವರ್ಷ ಕಾದು ಹಿಡಿದದ್ದು ಒಂದು ಹಿತ್ತಾಳೆ ತುಂಡಿನಿಂದ ಕೈಬಿಟ್ಟು ಹೋಗುವುದರಲ್ಲಿತ್ತು.

ಜೊತೆಗೆ ಓದುವ ಪೋಸ್ಟ್‌ಮ್ಯಾನ್ ಸಮಾಧಾನ ಹೇಳಿದ. ಅವನೂ ಹೋದ ಸಲ ಬೇರೊಂದು ಪ್ರಯೋಗದಲ್ಲಿ ಗೋತಾ ಹೊಡೆದವನೇ. "ಅಕ್ಕಾ, ನೀವು ಯಾಕೆ ಮುಂದಿನಿಂದ ಹೋಗ್ತೀರಿ? ಹಿಂದಿನಿಂದ ಬನ್ನಿ. ಉತ್ತರ ಮುನ್ನೂರ ಎಂಬತ್ತು ಅಂತ ಗೊತ್ತಲ್ಲ. ಹಂಗೆ ಬರೋ ಥರ ಥರ್ಮಾಮೀಟರ್ ಎಷ್ಟು ತೋರಿಸ್ಬೇಕು ಅಂತ ಲೆಕ್ಕ ಹಾಕಿ, ಅದನ್ನೇ ಬರೀರಿ. ಯಾರು ಬಂದು ನೋಡ್ತಾರೆ?"

"ಥರ್ಮಾಮೀಟರ್ ನೋಡುತ್ತೆ" ಎಂದಳು ಟೇಪಕ್ಕ. ಹಾಗಂದಳು, ಮನಸ್ಸು ಅಲುಗಾಡಲಿಲ್ಲ ಎಂದಲ್ಲ. ಮ್ಯಾನೇಜರಮ್ಮ ಉಸಿರು ಕಟ್ಟಿ ನಿಲ್ಲುವುದು ಯಾಕೆಂದು ಅವಳಿಗೆ ಅವತ್ತು ಮೊದಲ ಸಲ ಚೆನ್ನಾಗಿ ಅರ್ಥವಾಯಿತು.

ಶನಿವಾರ ಮಧ್ಯಾಹ್ನ ಲ್ಯಾಬು ಖಾಲಿ ಇರುತ್ತಿತ್ತು. ಮಿಸ್ ಬೀಗದ ಕೈ ಕೊಟ್ಟಳು. ಟೇಪಕ್ಕ ಮತ್ತೆ ಮತ್ತೆ ಮಾಡಿ ನೋಡಿದಳು. ನಾನೂರ ನಲವತ್ತೈದು, ನಾನೂರ ಐವತ್ತೆರಡು, ನಾನೂರ ಐವತ್ತು. ತಪ್ಪಾದರೂ ಒಂದೊಂದು ಸಲ ಒಂದೊಂದು ರೀತಿ ತಪ್ಪಾಗಬೇಕಲ್ಲ, ಇದು ಹಟಕ್ಕೆ ಬಿದ್ದ ಹಾಗೆ ಒಂದೇ ಕಡೆಗೆ ಬರುತ್ತಿದೆ! ಅದೂ ಎಲ್ಲಿಗೆ? ನೇರ ಕಬ್ಬಿಣದ ಸಂಖ್ಯೆಗೆ.

ಆಗ ಅವಳಿಗೆ ಅನುಮಾನ ಬಂತು: ಇದು ಹಿತ್ತಾಳೆಯೇ ಅಲ್ಲವೋ ಏನೋ. ಮೇಲೆ ಹಿತ್ತಾಳೆಯ ಲೇಪ, ಒಳಗೆ ಕಬ್ಬಿಣ. ಒಳಗೆ ಅಗ್ಗದ ಲೈನಿಂಗ್ ಕೊಟ್ಟು ಹೊರಗೆ ಥಳುಕು ಬಟ್ಟೆ ಹಾಕುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಮರುವಾರ ಅಂಗಡಿಯಿಂದ ಸೂಜಿಗಲ್ಲು ತಂದಳು. ನೆಲಕ್ಕೆ ಚೆಲ್ಲಿದ ಗುಂಡುಪಿನ್ನುಗಳನ್ನು ಬಳಿದು ಎತ್ತಲು ಎಲ್ಲ ದರ್ಜಿಗಳೂ ಇಟ್ಟುಕೊಂಡಿರುವಂಥದ್ದು. ಉಸಿರು ಬಿಗಿಹಿಡಿದು ತುಂಡಿನ ಪಕ್ಕಕ್ಕೆ ಹಿಡಿದಳು. ಸೂಜಿಗಲ್ಲು ಅದನ್ನು ಮೂಸಿಯೂ ನೋಡಲಿಲ್ಲ.

"ಅಂದ್ರೆ ತಪ್ಪು ನನ್ನದೇ" ಎಂದಳು ಮಿಸ್‌ಗೆ.

"ನಾನೂ ನಿಂತು ನೋಡ್ದೆ ಅಕ್ಕ, ನೀವು ಮಾಡೋದ್ರಲ್ಲಿ ಎಲ್ಲೂ ತಪ್ಪು ಕಾಣ್ತಿಲ್ಲ. ನಿಮ್ಮಷ್ಟು ನೀಟಾಗಿ ಇಲ್ಲಿ ಯಾರೂ ಮಾಡಲ್ಲ. ಆ ಗಂಟನ್ನೇ ನೋಡಿ, ಎಷ್ಟು ಚೆಂದ ಕಟ್ಟಿದ್ದೀರಿ!"

ಗಂಟು ಚೆಂದವಾಗಿಯೇ ಇತ್ತು. ಉಳಿದವರು ಎಳೆದಾರದಲ್ಲಿ ಒಂದು ಸುತ್ತು ಬಿಗಿದು ಕೈತೊಳೆದುಕೊಳ್ಳುತ್ತಿದ್ದರು. ಪೋಸ್ಟ್‌ಮ್ಯಾನ್ ಕಟ್ಟಿದ್ದಂತೂ ಕುದಿಯುವ ನೀರಿನ ತಳ ಸೇರಿತ್ತು. ಟೇಪಕ್ಕ ತನ್ನ ಅಂಗಡಿಯ ದಪ್ಪ ಹತ್ತಿ ಹುರಿ ತಂದು, ಕೋಟಿನ ಗುಂಡಿಯ ಬುಡಕ್ಕೆ ಸುತ್ತುವ ಹಾಗೆ ತುಂಡಿನ ಕೊರಳಿಗೆ ಒತ್ತೊತ್ತಾಗಿ ಸುತ್ತು ಹಾಕಿ, ಮೇಲೊಂದು ಕುಣಿಕೆ ಮಾಡಿದ್ದಳು. ಆನೆ ಎಳೆದರೂ ಬಿಚ್ಚದು. ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು.

ಪರೀಕ್ಷೆ ಹತ್ತಿರ ಬಂತು. ತುಂಡನ್ನೂ ಥರ್ಮಾಮೀಟರನ್ನೂ ಅಂಗಡಿಗೆ ಒಯ್ಯಲು ಮಿಸ್ ಒಪ್ಪಿದಳು. ಟೇಪಕ್ಕ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಲೆ ಹೊತ್ತಿಸಿ ನೀರು ಕುದಿಸಿ, ತುಂಡನ್ನು ಎತ್ತಿ, ಮೈ ಒರೆಸಿದಳು. ಥರ್ಮಾಮೀಟರ್ ಕಾಣಲಿಲ್ಲ. ಅದನ್ನು ಹುಡುಕುವಷ್ಟು ಹೊತ್ತು ತುಂಡನ್ನು ಕಟಿಂಗ್ ಟೇಬಲ್ಲಿನ ಮೇಲಿದ್ದ ಕೊಕ್ಕೆಗೆ ನೇತುಹಾಕಿ ತಿರುಗಿದಳು. ಮರಳಿ ಬಂದು ನೋಡಿದರೆ, ಕೆಳಗೆ ಮ್ಯಾನೇಜರಮ್ಮನ ಬೂದು ರೇಷ್ಮೆ ಹಾಸಿತ್ತು, ಅದರ ಮೇಲೆ ನೀರಿನ ಕಲೆ. ಒಂದಲ್ಲ ಎರಡಲ್ಲ, ಸಾಲು ಸಾಲು.

ರೇಷ್ಮೆಗೆ ನೀರು ಬಿದ್ದರೆ ದರ್ಜಿಗೆ ಜೀವ ಹೋದ ಹಾಗೆ. "ಹಾಳಾಗ್ಹೋಗು" ಎಂದು ಹಿತ್ತಾಳೆಗೆ ಶಾಪ ಹಾಕುತ್ತ, ಬಟ್ಟೆಯನ್ನು ಪೂರ್ತಿ ಒಂದೇ ಸಮನೆ ಒದ್ದೆ ಮಾಡಿ, ಹದವಾಗಿ ಇಸ್ತ್ರಿ ಒತ್ತಿ ಕಲೆ ತೆಗೆದಳು. ಇಸ್ತ್ರಿ ಅರ್ಧದಲ್ಲಿರುವಾಗ ಕೈ ನಿಂತಿತು. ತುಂಡನ್ನು ಒರೆಸಿದ್ದೆನಲ್ಲ? ಒರೆಸಿದ ಲೋಹ ಇಷ್ಟು ಹನಿಸುವುದು ಹೇಗೆ? ಹೋಗಿ ಹುರಿಯನ್ನು ಬೆರಳಲ್ಲಿ ಹಿಂಡಿದಳು. ನೀರು ಅಂಗೈ ತುಂಬಾ ಇಳಿಯಿತು.

ಕುದಿಯುವ ನೀರಿನಲ್ಲಿದ್ದಷ್ಟು ಹೊತ್ತೂ ಅವಳ ಹೆಮ್ಮೆಯ ಹುರಿ ಹೊಟ್ಟೆ ತುಂಬ ಕುಡಿಯುತ್ತಿತ್ತು. ಕುಡಿದದ್ದನ್ನೆಲ್ಲ ತಣ್ಣೀರಿಗೆ ಕಳ್ಳಸಾಗಣೆ ಮಾಡುತ್ತಿತ್ತು. ಅದೂ ಯಾರ ಶಾಖ? ಹೊಟ್ಟೆಬಾಕ ನೀರಿನದು! ಒಂದು ಗ್ರಾಂ ಬಿಸಿನೀರೆಂದರೆ ಹನ್ನೊಂದು ಗ್ರಾಂ ಹಿತ್ತಾಳೆಯಷ್ಟು ಶಾಖ ಹೊತ್ತು ತರುತ್ತದೆ. ಟೇಪಕ್ಕ ಅಂಗಡಿಗೆ ಬೀಗವನ್ನೂ ಹಾಕದೆ, ಕೊರಳಲ್ಲಿ ಟೇಪು ಜೋತಾಡುತ್ತಿರುವಾಗಲೇ ಶಾಲೆಗೆ ಓಡಿದಳು. ಲ್ಯಾಬಿನ ತಕ್ಕಡಿಯಲ್ಲಿ ಒಣ ಹುರಿ ತೂಗಿದರು, ಒದ್ದೆ ಹುರಿ ತೂಗಿದರು. ಸುಮಾರು ಮೂರೂವರೆ ಗ್ರಾಂ ವ್ಯತ್ಯಾಸ. ಆ ಶಾಖವನ್ನು ಕಳೆದು ಹಳೆಯ ಲೆಕ್ಕವನ್ನೇ ಮತ್ತೆ ಹಾಕಿದಾಗ ಮುನ್ನೂರ ಎಪ್ಪತ್ತೇಳು ಬಂತು. ಮಿಸ್ ಹುರಿಯನ್ನು ಕೈಯಲ್ಲಿ ಹಿಡಿದು, "ನಾನೇ ಚೆಂದ ಅಂತ ಹೊಗಳಿದ್ನಲ್ಲ ಅಕ್ಕ ಇದನ್ನ" ಎಂದು ನಾಲಿಗೆ ಕಚ್ಚಿಕೊಂಡಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಂದಿನಿಂದ ಟೇಪಕ್ಕ ಎರಡು ನೇಮ ಹಿಡಿದಳು. ನೀರು ಕುಡಿಯದ ಸಪೂರ ನೈಲಾನ್ ದಾರ, ಒಂದೇ ಸುತ್ತು. ಎಲ್ಲ ಮುಗಿದ ಮೇಲೆ ಲೋಟವನ್ನು ಹಾಗೇ ತಕ್ಕಡಿಗಿಟ್ಟು ತೂಗುವುದು. ಲೋಟ, ನೀರು, ತುಂಡು ಇವುಗಳ ತೂಕ ಮೊದಲೇ ಗೊತ್ತಿರುತ್ತದೆ. ಅದಕ್ಕಿಂತ ಹೆಚ್ಚು ಬಂದರೆ ಕಳ್ಳ ನೀರು ಒಳಗೆ ನುಸುಳಿದೆ ಎಂದೇ ಅರ್ಥ.

ಪರೀಕ್ಷೆಯ ದಿನ ಹೊಸ ಪರೀಕ್ಷಕರು ಬಂದಿದ್ದರು. ವಯಸ್ಸಾದವರು, ಮಾತಿಗೊಮ್ಮೆ ಕನ್ನಡಕ ಒರೆಸುವವರು. ಮೇಜಿನ ಮೇಲೆ ಹಿತ್ತಾಳೆಯ ಹೊಳಪು ಎಲ್ಲೂ ಕಾಣಲಿಲ್ಲ. ಎಲ್ಲ ತುಂಡುಗಳಿಗೂ ಕಪ್ಪು ಬಣ್ಣ ಬಳಿದಿತ್ತು. "ನಿಮ್ಮ ಮುಂದಿರೋದು ಯಾವ ಲೋಹ ಅಂತ ನಾನು ಹೇಳಲ್ಲ. ವಿಶಿಷ್ಟೋಷ್ಣ ಕಂಡುಹಿಡೀರಿ, ಗೋಡೆ ಮೇಲಿರೋ ಪಟ್ಟಿ ನೋಡಿ ಲೋಹದ ಹೆಸರು ನೀವೇ ಬರೀರಿ" ಎಂದರು.

ಪಕ್ಕದ ಮೇಜಿನ ಪೋಸ್ಟ್‌ಮ್ಯಾನ್ ಸಣ್ಣ ದನಿಯಲ್ಲಿ, "ಹೆದರ್ಬೇಡಿ ಅಕ್ಕಾ, ಬಣ್ಣ ಬಳಿದ್ರೇನು, ಪ್ರತಿ ವರ್ಷ ಹಿತ್ತಾಳೆನೇ" ಎಂದ.

ಟೇಪಕ್ಕ ತನ್ನ ಪಾಡಿಗೆ ತಾನು ಮಾಡಿದಳು. ನೈಲಾನ್ ದಾರ, ಒಂದು ಸುತ್ತು. ಕುದಿಯುವ ನೀರಿನಿಂದ ಎತ್ತಿ, ಒಮ್ಮೆ ಒದರಿ, ಬಟ್ಟೆಯಿಂದ ತಟ್ಟಿ, ಸರಕ್ಕನೆ ಲೋಟಕ್ಕೆ. ಥರ್ಮಾಮೀಟರ್ ಏರಿತು, ನಿಂತಿತು. ಲೆಕ್ಕ ಹಾಕಿದಳು.

ನಾನೂರ ಐವತ್ತೆಂಟು.

ಮತ್ತದೇ ಸಂಖ್ಯೆ! ತಿಂಗಳುಗಟ್ಟಲೆ ಹಿತ್ತಾಳೆಯಿಂದ ಸುಳ್ಳು ಹೇಳಿಸಿದ ಅದೇ ನಾನೂರ ಐವತ್ತರ ಹತ್ತಿರ. ಇದು ಕಬ್ಬಿಣವೋ, ಇಲ್ಲ ಎಲ್ಲಿಂದಲೋ ಮತ್ತೆ ನೀರು ನುಗ್ಗಿದ ಹಿತ್ತಾಳೆಯೋ? ಇನ್ನೊಮ್ಮೆ ಮಾಡಲು ಸಮಯವಿಲ್ಲ. ಪೋಸ್ಟ್‌ಮ್ಯಾನ್ ಆಗಲೇ ದೊಡ್ಡ ಅಕ್ಷರದಲ್ಲಿ 'ಹಿತ್ತಾಳೆ' ಎಂದು ಬರೆದು, ಉತ್ತರದಿಂದ ಹಿಂದಕ್ಕೆ ನಡೆಯುತ್ತಿದ್ದ. ಅವನು ಹೇಳಿದ್ದೇ ಸರಿ ಇರಬಹುದು. ತನ್ನ ಹಳೆಯ ತಪ್ಪೂ ಅದನ್ನೇ ಹೇಳುತ್ತಿದೆಯಲ್ಲ. ಚೀಲದೊಳಗೆ ಸೂಜಿಗಲ್ಲಿತ್ತು, ಆದರೆ ಚೀಲ ಬಾಗಿಲ ಹೊರಗಿತ್ತು.

ಟೇಪಕ್ಕ ಕಣ್ಣು ಮುಚ್ಚಿ ಕೊರಳಿಗೆ ಕೈ ಹಾಕಿದಳು. ಟೇಪು ಇರಲಿಲ್ಲ, ಪರೀಕ್ಷೆಗೆಂದು ತೆಗೆದಿಟ್ಟು ಬಂದಿದ್ದಳು. ಆಗ ಎರಡನೆಯ ನೇಮ ನೆನಪಾಯಿತು. ಲೋಟವನ್ನು ಮೆಲ್ಲಗೆ ಎತ್ತಿ ತಕ್ಕಡಿಗಿಟ್ಟಳು. ಕೂಡಿದಳು, ಕಳೆದಳು. ಹೆಚ್ಚು ಬಂದದ್ದು ಅರ್ಧ ಗ್ರಾಮೂ ಇಲ್ಲ. ಕಳ್ಳ ಬಂದಿಲ್ಲ. ಅಂದ ಮೇಲೆ ಬಂದ ಅಳತೆಯೇ ಅಳತೆ. 'ಕಬ್ಬಿಣ' ಎಂದು ಬರೆದು, ಕೆಳಗೆ ಆ ಕೊನೆಯ ತೂಕವನ್ನೂ ಬರೆದು, ಉತ್ತರಪತ್ರಿಕೆ ಕೊಟ್ಟಳು.

ಪರೀಕ್ಷಕರು ಓದಿದರು. "ಈ ಕೊನೇ ತೂಕ ಯಾಕಮ್ಮಾ? ನಾವು ಕೇಳಿರಲಿಲ್ಲವಲ್ಲ."

"ನಂಬಿಕೆಗೆ ಸರ್."

"ಯಾರ ನಂಬಿಕೆಗೆ?"

"ನನ್ನದಕ್ಕೆ. ಮೊದ್ಲು ನನ್ನ ದಾರಾನೇ ನನಗೆ ಮೋಸ ಮಾಡಿತ್ತು."

ಅವರು ಕನ್ನಡಕ ತೆಗೆದು ಒರೆಸಿದರು. ಎಲ್ಲರೂ ಕೊಟ್ಟು ಮುಗಿಸಿದ ಮೇಲೆ ಟೇಪಕ್ಕ ತಡೆಯಲಾರದೆ, ಹೊರಗಿನ ಚೀಲದಿಂದ ಸೂಜಿಗಲ್ಲು ತಂದು, "ಸರ್, ಒಂದೇ ಒಂದು ಸಲ?" ಎಂದು ತೋರಿಸಿದಳು. ಅವರು ತಲೆಯಾಡಿಸಿದರು. ಕಪ್ಪು ತುಂಡಿನ ಹತ್ತಿರಕ್ಕೆ ಒಯ್ಯುವಷ್ಟರಲ್ಲೇ ಸೂಜಿಗಲ್ಲು ಅವಳ ಬೆರಳಿಂದ ಹಾರಿ ಟಕ್ ಎಂದು ಕಚ್ಚಿಕೊಂಡಿತು. ಟೇಪಕ್ಕ ಚಪ್ಪಾಳೆ ತಟ್ಟಿಬಿಟ್ಟಳು.

ಪೋಸ್ಟ್‌ಮ್ಯಾನ್ ಪೆಚ್ಚುಮೋರೆ ಹಾಕಿಕೊಂಡು, "ಹಂಗಾದ್ರೆ ನಂದು?" ಎಂದ.

"ನಿಮ್ಮದು ಅಲ್ಯೂಮಿನಿಯಂ" ಎಂದರು ಪರೀಕ್ಷಕರು. "ಎತ್ತಿದಾಗಲೇ ಹಗುರ ಅನ್ನಿಸಲಿಲ್ವೇನ್ರಿ?"

ಪಾಪ, ಅವನು ಈಗ ಹೊಸ ಪಠ್ಯಕ್ರಮಕ್ಕೆ ಮೊದಲಿನಿಂದ ಓದುತ್ತಿದ್ದಾನೆ. ಟಪಾಲು ಹಂಚಿ ಮುಗಿದ ಮೇಲೆ ಕಟಿಂಗ್ ಟೇಬಲ್ಲಿನ ಹತ್ತಿರ ಬಂದು ನಿಲ್ಲುತ್ತಾನೆ. ಟೇಪಕ್ಕ ಅವನಿಗೆ ಸೀಮೆಸುಣ್ಣದಲ್ಲಿ ಲೆಕ್ಕ ಹೇಳಿಕೊಡುತ್ತಾಳೆ, ಮುಂದಿನಿಂದಲೇ.

ಪಾಸಾದ ಸುದ್ದಿ ಬಂದ ದಿನ ಅವಳು ಮಾಡಿದ ಕೆಲಸ ಒಂದೇ. ಮಿಸ್ ಹತ್ತಿರ ಥರ್ಮಾಮೀಟರ್ ಬೇಡಿ ತಂದಳು. ಹಿಂಬದಿಯ ಕೋಣೆಯ ಮೂಲೆಯಿಂದ ಅಪ್ಪನ ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಎಳೆದು, ತುಕ್ಕು ಉಜ್ಜಿ, ಒಲೆಯ ಮೇಲಿಟ್ಟಳು. ಬಕೆಟ್ಟಿನಲ್ಲಿ ನೀರು ಅಳೆದು ಹಾಕಿದಳು. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ಈಗ ಬೆಳಕು ಕತ್ತಲೆಯ ವ್ಯತ್ಯಾಸ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

"ಒಲೆ ಯಾಕೆ ಹಚ್ಚಿದೆ?"

"ನಿನ್ನ ಪೆಟ್ಟಿಗೆ ಕಾಯಿಸ್ತಿದ್ದೀನಿ ಅಪ್ಪಾ. ನನ್ನ ಲೆಕ್ಕದಲ್ಲಿ ನೀರು ಆರು ಡಿಗ್ರಿ ಏರ್ಬೇಕು."

ಈ ಸಲ ಬೈಯುವವರು ಯಾರೂ ಇರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಇಳಿಸಿದಳು. ಚುಂಯ್ ಎಂದಿತು, ಒಂದಿಷ್ಟು ಹಬೆ ಎದ್ದಿತು. ಆ ಸದ್ದಿಗೆ ಮುದುಕನ ಮುಖ ತಟ್ಟನೆ ಇತ್ತ ತಿರುಗಿತು.

"ಐದು ಏರಿದೆ" ಎಂದಳು ಟೇಪಕ್ಕ. "ಒಂದು ಡಿಗ್ರಿ ಆ ಹಬೇಲಿ ಹೋಯ್ತು ಅನ್ಸತ್ತೆ. ಇನ್ನೊಂದ್ಸಲ ಮಾಡ್ಬೇಕು."

ಅಪ್ಪ, "ಅವತ್ತು ನೀನು ಅತ್ಕೊಂಡು ಆಚೆ ಹೋದ್ಮೇಲೆ ನಾನೂ ಕೈ ಹಾಕಿ ನೋಡಿದ್ದೆ ಕಣೇ" ಎಂದ. "ಬಿಸಿನೇ ಇರ್ಲಿಲ್ಲ. ಎಷ್ಟು ಯೋಚ್ನೆ ಮಾಡಿದ್ರೂ ಗೊತ್ತಾಗ್ಲಿಲ್ಲ. ನೀನು ಕೇಳ್ದಾಗ, ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಆಗಿತ್ತು. ಅದಕ್ಕೇ ನಿನ್ನ ತಲೆಗೆ ಹೋಯ್ತು ಅಂದ್ಬಿಟ್ಟೆ."

ಟೇಪಕ್ಕ ಇಷ್ಟು ವರ್ಷ ಈ ಪ್ರಶ್ನೆಯ ಜೊತೆ ತಾನೊಬ್ಬಳೇ ಇದ್ದೆ ಎಂದುಕೊಂಡಿದ್ದಳು. ಬಕೆಟ್ಟನ್ನು ಅವನ ಕುರ್ಚಿಯ ಹತ್ತಿರ ಎಳೆದು, ಅವನ ಕೈ ಹಿಡಿದು ನೀರಿಗೆ ಇಳಿಸಿದಳು. ಅಪ್ಪ ಬೆರಳುಗಳನ್ನು ಅಗಲಿಸಿ ನೀರಿನೊಳಗೆ ಮೆಲ್ಲಗೆ ಆಡಿಸಿದ.

"ಹ್ಞೂಂ, ಈಗ ಹೇಳು" ಎಂದ. "ಎಲ್ಲಿಗೆ ಹೋಯ್ತು?"

ಅವಳು ನೆಲದ ಮೇಲೆ ಅವನ ಪಕ್ಕದಲ್ಲೇ ಕೂತು, ಮೊದಲಿನಿಂದ ಹೇಳತೊಡಗಿದಳು.